ತೊಗಟೆಯ ಉಪಾಸನೆ

ಪಾಶ್ಚಾತ್ಯ ಗೂಢವಿದ್ಯೆಯ ಗ್ರಂಥಗಳು ಕನ್ನಡ ನಾಡಿನ ವಿದ್ಯಾವಂತರ ಮನೆಗಳಿಗೆ ಹೊಸಬವೇನೂ ಅಲ್ಲ. ೧೮೮೨ರಲ್ಲಿ ಥಿಯಾಸಫಿಕಲ್ ಸೊಸೈಟಿಯು ಮದರಾಸಿನ ಅಡ್ಯಾರಿನಲ್ಲಿ ನೆಲೆಗೊಂಡ ಮೇಲೆ ಬ್ಲಾವಟ್ಸ್ಕಿಯವರ ದಪ್ಪ ಸಂಪುಟಗಳು ದಕ್ಷಿಣ ದೇಶದಲ್ಲೆಲ್ಲ ಹರಡಿದುವು. ಅವುಗಳಲ್ಲಿ ವೇದಾಂತದ ಪಕ್ಕದಲ್ಲಿಯೇ ಯೆಹೂದ್ಯರ ಕಬ್ಬಾಲವೂ ಕುಳಿತಿತ್ತು. ಅಂದಿನಿಂದ ಕಬ್ಬಾಲವೆಂದರೆ ಹತ್ತು ಸೆಫಿರೋತ್‌ಗಳ ಒಂದು ವೃಕ್ಷ, ಸಂಖ್ಯೆಗಳ ಒಂದು ರಹಸ್ಯ ಎಂಬಷ್ಟು ತಿಳಿವಳಿಕೆ ಅನೇಕರಿಗೆ ಉಂಟು. ಆ ವೃಕ್ಷಕ್ಕೆ ಒಂದು ನೆರಳುಂಟೆಂದೂ, ಆ ನೆರಳಿನಲ್ಲಿಯೇ ನಿಜವಾದ ಶಕ್ತಿಯಿದೆಯೆಂದೂ ಹೇಳುವ ಒಂದು ಪಂಥವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಲೆಯೆತ್ತಿತು. ಅದರ ಪ್ರಧಾನ ಗ್ರಂಥ ಇಂಗ್ಲೆಂಡಿನ ಕೆನೆತ್ ಗ್ರಾಂಟರು ೧೯೭೭ರಲ್ಲಿ ಪ್ರಕಟಿಸಿದ ‘ನೈಟ್‌ಸೈಡ್ ಆಫ್ ಈಡನ್’. ಈ ಗ್ರಂಥವೂ ಇದರ ಸಂತತಿಯೂ ಕಬ್ಬಾಲದ ಹೆಸರನ್ನು ಹೊತ್ತಿರುವುದು ಎಷ್ಟರಮಟ್ಟಿಗೆ ನ್ಯಾಯವೆಂಬುದು ವಿಚಾರಣೀಯವಾದ ಪ್ರಶ್ನೆ.

ಎಲ್ಲವೂ ಒಂದು ಶಬ್ದದ ಮೇಲೆ ನಿಂತಿದೆ. ಹೀಬ್ರೂ ಭಾಷೆಯಲ್ಲಿ ‘ಕೆಲಿಪ್ಪಾ’ ಎಂದರೆ ಸಿಪ್ಪೆ, ತೊಗಟೆ, ಹಣ್ಣುಕಾಯಿಗಳ ಹೊರಗವಚ, ಬಹುವಚನದಲ್ಲಿ ‘ಕೆಲಿಪ್ಪೋತ್’, ಇಂಗ್ಲಿಷ್ ಮಾಂತ್ರಿಕರ ಬಾಯಲ್ಲಿ ‘ಕ್ಲಿಫೋತ್’. ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಕಸ್ತೀಲ್ಯ ಪ್ರಾಂತದ ಇಸಾಕ್ ಹ-ಕೋಹೆನ್ ಎಂಬ ಪಂಡಿತರು ದೇವರ ಎಡಗಡೆಯಿಂದ ಹೊರಟ ದುಷ್ಟಶಕ್ತಿಗಳ ಪರಂಪರೆಯೊಂದನ್ನು ವರ್ಣಿಸಿದರು; ಸಮಾಯೇಲ್ ಮತ್ತು ಲಿಲಿತ್ ಎಂಬ ದಂಪತಿಗಳು ಅದರ ಅಧಿಪತಿಗಳು. ಅದೇ ಶತಮಾನದ ಕೊನೆಯಲ್ಲಿ ಅದೇ ಪ್ರಾಂತದಲ್ಲಿ ಹೊರಬಿದ್ದ ಜೋಹರ್ ಗ್ರಂಥವು ಇದಕ್ಕೆ ‘ಆಚೆಯ ಪಕ್ಷ’ ಎಂದು ಹೆಸರಿಟ್ಟು, ಅಕ್ರೋಟು ಕಾಯಿಯ ಉಪಮೆಯನ್ನು ಕೊಟ್ಟಿತು. ತಿರುಳಿನ ಸುತ್ತ ಒಂದರ ಮೇಲೊಂದು ಕವಚ. ತೆಂಗಿನಕಾಯಿಯನ್ನು ಒಡೆದು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಟವು ಕಾಯಿಗೆ ಶತ್ರುವಲ್ಲ, ಬಲಿಯುವವರೆಗೆ ಅದೇ ರಕ್ಷೆ. ಆದರೆ ಕರಟವನ್ನು ತಿನ್ನುವವರಿಲ್ಲ. ಯೆಹೆಜ್ಕೇಲ ಪ್ರವಾದಿಯ ದರ್ಶನದಲ್ಲಿ ಬರುವ ಬಿರುಗಾಳಿ, ಮಹಾಮೇಘ, ಉರಿಯುವ ಬೆಂಕಿ ಎಂಬ ಮೂರನ್ನು ಅಶುದ್ಧ ತೊಗಟೆಗಳೆಂದೂ, ಅವುಗಳ ಸುತ್ತ ಕಾಣುವ ಕಾಂತಿಯನ್ನು ಒಳಿತು ಕೆಡಕುಗಳು ಬೆರೆತ ನಾಲ್ಕನೆಯ ತೊಗಟೆಯೆಂದೂ ಕಬ್ಬಾಲದ ಆಚಾರ್ಯರು ವ್ಯಾಖ್ಯಾನ ಮಾಡಿದರು. ಮನುಷ್ಯನ ದಿನನಿತ್ಯದ ಬಾಳು ನಡೆಯುವುದು ಈ ನಾಲ್ಕನೆಯದರಲ್ಲಿ.

ಈ ಉಪಮೆಗೆ ಪೂರ್ಣವಾದ ದರ್ಶನದ ರೂಪ ಬಂದುದು ಗಲಿಲಾಯದ ಸಫೇದ್ ಎಂಬ ಗುಡ್ಡದ ಊರಿನಲ್ಲಿ. ಇಸಾಕ್ ಲೂರಿಯಾ ಅವರು ಅಲ್ಲಿ ಬೋಧಿಸಿದ್ದು ಎರಡೇ ವರ್ಷ. ೧೫೭೨ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಸಾಂಕ್ರಾಮಿಕ ಜಾಡ್ಯಕ್ಕೆ ತುತ್ತಾದರು. ತಾವು ಬರೆದಿಟ್ಟುದು ಅತ್ಯಲ್ಪ. ಶಿಷ್ಯರಾದ ಹಯ್ಯಿಮ್ ವಿಟಾಲರು ಬರೆದ ‘ಎತ್ಸ್ ಹಯ್ಯಿಮ್’, ಎಂದರೆ ಜೀವವೃಕ್ಷ, ಎಂಬ ಗ್ರಂಥದಿಂದಲೇ ಅವರ ಮತ ತಿಳಿಯಬೇಕು. ಅನಂತವಸ್ತುವು ತನ್ನನ್ನು ತಾನೇ ಸಂಕೋಚಿಸಿಕೊಂಡು ಸೃಷ್ಟಿಗೆ ಎಡೆಮಾಡಿತು. ಆ ಎಡೆಗೆ ಹರಿದ ಬೆಳಕನ್ನು ಹಿಡಿಯಲು ಪಾತ್ರೆಗಳಾದುವು. ಮೇಲಿನ ಮೂರು ತಡೆದುಕೊಂಡುವು, ಕೆಳಗಿನವು ಒಡೆದುಹೋದುವು. ಒಡೆದ ಚೂರುಗಳೊಡನೆ ಇನ್ನೂರ ಎಂಬತ್ತೆಂಟು ಕಿಡಿಗಳು ಕೆಳಕ್ಕೆ ಬಿದ್ದುವು. ಆ ಚೂರುಗಳಿಂದ ತೊಗಟೆಗಳ ಲೋಕ ಬೆಳೆಯಿತು.

ಇಲ್ಲಿ ಗಮನಿಸತಕ್ಕ ಮರ್ಮವೊಂದಿದೆ. ತೊಗಟೆಗೆ ಸ್ವಂತ ಪ್ರಾಣವಿಲ್ಲ. ತನ್ನೊಳಗೆ ಸಿಕ್ಕಿಕೊಂಡಿರುವ ಕಿಡಿಯಿಂದಲೇ ಅದು ಜೀವಿಸುತ್ತದೆ. ಕಿಡಿಯನ್ನು ಎತ್ತಿಬಿಟ್ಟರೆ ತಾನೇ ಬಿದ್ದುಹೋಗುತ್ತದೆ. ಆ ಎತ್ತುವ ಕೆಲಸಕ್ಕೆ ಅವರು ‘ತಿಕ್ಕುನ್’ ಎಂದು ಹೆಸರಿಟ್ಟರು. ಜೀರ್ಣೋದ್ಧಾರವೆಂಬ ಮಾತು ಇದಕ್ಕೆ ಹತ್ತಿರವಾಗಬಹುದು. ಅದು ನಡೆಯುವ ಸ್ಥಳವೂ ಅದ್ಭುತವಾದುದಲ್ಲ. ಊಟಕ್ಕೆ ಕುಳಿತವನು ದೇವರನ್ನು ಸ್ಮರಿಸಿ ರೊಟ್ಟಿಯನ್ನು ಮುರಿದಾಗ ಆ ರೊಟ್ಟಿಯೊಳಗಿನ ಕಿಡಿ ಮೇಲಕ್ಕೇರುತ್ತದೆ. ವ್ಯಾಪಾರದಲ್ಲಿ ಸುಳ್ಳಾಡದಿದ್ದರೆ ಇನ್ನೊಂದು. ಹೀಗೆ ತಲೆಮಾರುಗಳವರೆಗೆ, ಒಂದಿಡೀ ಜನಾಂಗವು ಸೇರಿ, ಚೂರುಚೂರಾಗಿ ಮಾಡಬೇಕಾದ ಕೆಲಸ ಅದು. ೧೪೯೨ರಲ್ಲಿ ಸ್ಪೇನಿನಿಂದ ಅಟ್ಟಲ್ಪಟ್ಟ ಯೆಹೂದ್ಯರ ದುಃಖವೇ ಈ ಒಡಕಿನ ಪುರಾಣವಾಗಿ ಮಾರ್ಪಟ್ಟಿತೆಂದು ಗೆರ್ಷೊಮ್ ಶೋಲೆಮರ ಅಭಿಪ್ರಾಯ. ಕಾರ್ಯಕಾರಣವನ್ನು ಅಷ್ಟು ನೇರವಾಗಿ ಹೇಳಲಾಗದೆಂದು ಮೋಶೆ ಇಡೆಲರು ೧೯೮೮ರಲ್ಲಿ ಆಕ್ಷೇಪಿಸಿದರು. ಆ ಆಕ್ಷೇಪಕ್ಕೆ ಬಲವಿದೆ. ಆದರೂ ದೇಶಭ್ರಷ್ಟರಾದವರ ಕಿವಿಗೆ ಈ ಕಥೆ ಹೇಗೆ ಕೇಳಿಸಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗೆಂದು ಪ್ರಾಚೀನವೆಲ್ಲ ನಿರ್ಮಲ, ಆಧುನಿಕವೆಲ್ಲ ಮಲಿನ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ತೊಗಟೆಯ ಸಿದ್ಧಾಂತಕ್ಕೆ ತನ್ನದೇ ಆದ ಕಠೋರತೆಯೂ ಇದ್ದಿತು. ೧೭೯೬ರಲ್ಲಿ ಅಚ್ಚಾದ ‘ತಾನ್ಯಾ’ ಎಂಬ ಹಸೀದೀ ಗ್ರಂಥದ ಮೊದಲ ಅಧ್ಯಾಯವು ಅನ್ಯಜನಾಂಗಗಳ ಆತ್ಮಗಳು ಪೂರ್ಣ ಅಶುದ್ಧವಾದ ಮೂರು ತೊಗಟೆಗಳಿಂದ ಹುಟ್ಟಿದುವೆಂದು ಹೇಳುತ್ತದೆ. ಪೀಡಿತರ ಮಾತೆಂದು ಸಮಾಧಾನ ಹೇಳಬಹುದು, ಒಪ್ಪುವುದು ಸಾಧ್ಯವಿಲ್ಲ. ಕತ್ತಲೆಯನ್ನು ಹೆರವರ ಮೈಮೇಲೆ ಹೊರಿಸುವ ಈ ಅಭ್ಯಾಸವು ಯಾವ ಮತದಲ್ಲಿಲ್ಲ?

ಇನ್ನೊಂದು ಪ್ರಕರಣವು ಇದಕ್ಕಿಂತ ಭಯಂಕರ. ಸ್ಮಿರ್ನಾ ಪಟ್ಟಣದ ಸಬ್ಬತಾಯ್ ಸೆವಿ ಎಂಬವನನ್ನು ಗಾಜಾದ ನಾಥಾನನು ೧೬೬೫ರಲ್ಲಿ ಮೆಸ್ಸೀಯನೆಂದು ಸಾರಿದನು. ಯೆಮೆನಿನಿಂದ ಆಮ್‌ಸ್ಟರ್‌ಡಾಮಿನವರೆಗೆ ಜನರು ಹುಚ್ಚೆದ್ದು ನಂಬಿದರು. ಮರುವರ್ಷವೇ ತುರ್ಕಿಯ ಸುಲ್ತಾನನ ಮುಂದೆ ಸೆವಿಯು ಪ್ರಾಣಭಯದಿಂದ ಇಸ್ಲಾಮನ್ನು ಸ್ವೀಕರಿಸಿದನು. ಆಗ ನಾಥಾನನು ಕೊಟ್ಟ ಸಮರ್ಥನೆ ಇದು: ಅತ್ಯಂತ ಆಳದ ತೊಗಟೆಯಲ್ಲಿ ಸಿಕ್ಕಿರುವ ಕಿಡಿಗಳನ್ನು ಹೊರಗೆ ನಿಂತು ಎತ್ತಲಾಗದು, ಮೆಸ್ಸೀಯನೇ ತೊಗಟೆಯ ವೇಷ ತೊಟ್ಟು ಒಳಕ್ಕೆ ಇಳಿಯಬೇಕು. ಇದಕ್ಕೆ ಸಂಖ್ಯಾಪ್ರಮಾಣವೂ ಸಿದ್ಧವಿತ್ತು. ಕಟಪಯಾದಿ ಸೂತ್ರವನ್ನು ಬಲ್ಲ ಕನ್ನಡಿಗರಿಗೆ ಹೀಬ್ರೂ ಅಕ್ಷರಗಳ ಸಂಖ್ಯಾಗಣನೆ ವಿಚಿತ್ರವೆನಿಸದು. ‘ನಾಹಾಷ್’, ಎಂದರೆ ಸರ್ಪ, ಎಂಬ ಶಬ್ದದ ಅಕ್ಷರಗಳನ್ನು ಕೂಡಿಸಿದರೆ ೩೫೮. ‘ಮಾಷಿಯಾಹ್’, ಎಂದರೆ ಮೆಸ್ಸೀಯ, ಎಂಬುದರ ಮೊತ್ತವೂ ೩೫೮. ಈ ದಾರಿಯಲ್ಲಿ ನಡೆದು ಹದಿನೆಂಟನೆಯ ಶತಮಾನದಲ್ಲಿ ಪೋಲೆಂಡಿನ ಯಾಕೋಬ್ ಫ್ರಾಂಕನು ಪಾಪವನ್ನೇ ಪುಣ್ಯವೆಂದು ಬೋಧಿಸಿದನು. ಆದಕಾರಣ ಕತ್ತಲೆಗೆ ಇಳಿಯುವ ಕಲ್ಪನೆಯನ್ನು ಗ್ರಾಂಟರು ಹೊಸದಾಗಿ ಕಟ್ಟಿದರೆಂದು ದೂಷಿಸುವವರು ಚರಿತ್ರೆಯನ್ನು ಓದಿಲ್ಲ. ವ್ಯತ್ಯಾಸವಿರುವುದು ಬೇರೆಡೆಯಲ್ಲಿ. ನಾಥಾನನು ಎಷ್ಟೇ ತಪ್ಪಿದ್ದರೂ ಅವನ ಇಳಿತಕ್ಕೆ ಒಂದು ಉದ್ದೇಶವಿತ್ತು: ಸೆರೆಸಿಕ್ಕ ಕಿಡಿಯನ್ನು ಬಿಡಿಸುವುದು. ಅದರ ಬೆಲೆಯನ್ನು ತೆತ್ತವರೂ ಇದ್ದರು; ಆಸ್ತಿ ಮಾರಿ ಪವಿತ್ರ ಭೂಮಿಯ ಪ್ರಯಾಣಕ್ಕೆ ಗಂಟು ಕಟ್ಟಿ ಕುಳಿತಿದ್ದ ಸಂಸಾರಗಳು ಅವು.

ಕಬ್ಬಾಲವು ಯೆಹೂದ್ಯರ ಕೈಯಿಂದ ಯುರೋಪಿನ ಮಾಂತ್ರಿಕರ ಕೈಗೆ ಬಂದ ದಾರಿಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಕ್ನೋರ್ ಫೊನ್ ರೋಜೆನ್‌ರೋತ್ ಎಂಬ ಜರ್ಮನ್ ಕ್ರೈಸ್ತ ಪಂಡಿತರು ೧೬೭೭ರಿಂದ ೧೬೮೪ರವರೆಗೆ ‘ಕಬ್ಬಾಲಾ ದೆನುದಾತಾ’ ಎಂಬ ಲ್ಯಾಟಿನ್ ಸಂಕಲನವನ್ನು ಪ್ರಕಟಿಸಿದರು. ಅದರ ಭಾಗವನ್ನು ೧೮೮೭ರಲ್ಲಿ ಮ್ಯಾಥರ್ಸರು ಇಂಗ್ಲಿಷಿಗೆ ತಂದರು. ಮರುವರ್ಷ ಲಂಡನ್ನಿನಲ್ಲಿ ಗೋಲ್ಡನ್ ಡಾನ್ ಎಂಬ ಗೂಢಮಂಡಲಿ ಹುಟ್ಟಿತು. ಹತ್ತು ಸೆಫಿರೋತ್‌ಗಳಿಗೆ ಪ್ರತಿಯಾಗಿ ಹತ್ತು ತೊಗಟೆಗಳ ಹೆಸರುಗಳು ಈ ಮಂಡಲಿಯಲ್ಲಿ ಚಲಾವಣೆಗೆ ಬಂದುವು. ೧೯೦೯ರಲ್ಲಿ ಅಲಿಸ್ಟರ್ ಕ್ರೌಲಿಯವರ ‘೭೭೭’ ಎಂಬ ಕೋಷ್ಟಕಗ್ರಂಥದಲ್ಲಿ ಅವು ಸುಗಂಧದ್ರವ್ಯ, ರತ್ನ, ಗಿಡಮೂಲಿಕೆಗಳ ಅಂಕಣಗಳ ಜೊತೆಯಲ್ಲಿ ಒಂದು ಅಂಕಣವಾಗಿ ನಿಂತುವು. ಅನರ್ಥವು ಪ್ರಾರಂಭವಾದುದು ಇಲ್ಲಿಯೇ ಎನ್ನಬೇಕು. ಒಡೆದುದು, ಬಿದ್ದುದು, ಎತ್ತಬೇಕಾದುದು ಎಂಬ ಕಥೆಯೆಲ್ಲ ಅಳಿಸಿಹೋಗಿ ತೊಗಟೆಯು ಒಂದು ಪಟ್ಟಿಯ ಬಾಬತ್ತಾಯಿತು. ಪಟ್ಟಿಯಲ್ಲಿರುವುದನ್ನು ಮನುಷ್ಯನು ಬಳಸಲು ಹೊರಡುವುದು ಸಹಜವಷ್ಟೆ! ಈ ಗುಂಪಿನಲ್ಲಿ ವಿವೇಕದ ಮಾತನ್ನಾಡಿದವರು ಡಯಾನ್ ಫಾರ್ಚೂನ್ ಎಂಬ ಲೇಖಕಿ. ಅವರ ೧೯೩೫ರ ‘ಮಿಸ್ಟಿಕಲ್ ಕಬಾಲಾ’ ಗ್ರಂಥದಲ್ಲಿ ತೊಗಟೆಗಳು ಸ್ವತಂತ್ರ ತತ್ತ್ವಗಳಲ್ಲ, ಆಯಾ ಸೆಫಿರಾದ ಸಮತೋಲ ತಪ್ಪಿದ ಶಕ್ತಿಗಳು ಮಾತ್ರ. ಹೀಬ್ರೂ ಮೂಲಕ್ಕೆ ದೂರವಿದ್ದೂ ಆಕೆ ಲೂರಿಯಾರ ಅಭಿಪ್ರಾಯಕ್ಕೆ ಸಮೀಪವಾಗಿದ್ದಾರೆ.

ಗ್ರಾಂಟರ ಗ್ರಂಥವು ಈ ಸಮತೋಲವನ್ನು ಬೇಕೆಂದೇ ಮುರಿಯುತ್ತದೆ. ವೃಕ್ಷದ ಇಪ್ಪತ್ತೆರಡು ಪಥಗಳ ಬೆನ್ನಿಗೆ ಇಪ್ಪತ್ತೆರಡು ಸುರಂಗಗಳಿವೆ, ಅವು ಈಜಿಪ್ತಿನ ಸೆತ್ ದೇವತೆಯ ಸುರಂಗಗಳು, ‘ದಾಅತ್’ ಎಂಬ ಹನ್ನೊಂದನೆಯ ಸ್ಥಾನವೇ ಅವುಗಳ ಹೆಬ್ಬಾಗಿಲು ಎಂಬುದು ಅವರ ಪ್ರತಿಪಾದನೆ. ಕ್ರೌಲಿಯವರ ಚಿಕ್ಕದೊಂದು ಬರಹದಲ್ಲಿ ಬರುವ ಹೆಸರುಗಳನ್ನೂ ಮುದ್ರೆಗಳನ್ನೂ ಎತ್ತಿಕೊಂಡು, ಗ್ರಂಥದ ಎರಡನೆಯ ಭಾಗದಲ್ಲಿ ಒಂದೊಂದು ಸುರಂಗಕ್ಕೆ ಒಂದೊಂದು ಅಧ್ಯಾಯವನ್ನು ಬರೆದಿದ್ದಾರೆ. ಅವರ ಕಲ್ಪನೆಗೆ ಬಲವಿಲ್ಲವೆನ್ನುವುದು ಅನ್ಯಾಯವಾದೀತು. ಲವ್‌ಕ್ರಾಫ್ಟ್ ಎಂಬ ಅಮೆರಿಕದ ಭಯಾನಕ ಕಥೆಗಾರನು ತನಗರಿಯದೆಯೇ ಆಚೆಯ ಲೋಕವನ್ನು ಕಂಡವನೆಂಬ ಅವರ ವಾದವನ್ನು ನಂಬದಿದ್ದರೂ, ಆ ಪುಟಗಳು ಓದುಗನ ಮೈಯಲ್ಲಿ ನಡುಕ ಹುಟ್ಟಿಸುವುದುಂಟು. ಅದು ಕಾವ್ಯಕ್ಕೆ ಸಲ್ಲುವ ಗುಣ. ಪ್ರಮಾಣಗ್ರಂಥವೆನ್ನಬೇಕಾದರೆ ಬೇರೆ ಒರೆಗಲ್ಲು ಬೇಕು, ಅದರಲ್ಲಿ ಈ ಕೃತಿ ನಿಲ್ಲದು. ಸಂಖ್ಯಾಗಣನೆಯನ್ನೇ ನೋಡಬಹುದು. ಯೆಹೂದ್ಯ ಪಂಡಿತನು ಎರಡು ಶಬ್ದಗಳ ಮೊತ್ತ ಒಂದೇ ಆಯಿತೆಂದು ತೋರಿಸುವುದು ತಾನು ಮೊದಲೇ ನಂಬಿದ ಶಾಸ್ತ್ರವಾಕ್ಯಕ್ಕೆ ಅಲಂಕಾರವಾಗಿ. ಗ್ರಾಂಟರಲ್ಲಿ ಹೀಬ್ರೂ, ಗ್ರೀಕ್, ಈಜಿಪ್ತ್, ಸಂಸ್ಕೃತ ಎಲ್ಲ ಭಾಷೆಗಳ ಶಬ್ದಗಳೂ ಒಂದೇ ತಕ್ಕಡಿಗೆ ಬೀಳುತ್ತವೆ. ಮೊತ್ತವೇ ಪ್ರಮಾಣ, ಮೊತ್ತವೇ ಸಿದ್ಧಾಂತ. ಯಾವುದಕ್ಕೂ ಇಲ್ಲವೆನ್ನಲಾರದ ಪದ್ಧತಿಯು ಏನನ್ನೂ ಸಾಧಿಸಲಾರದು.

ಭಾರತೀಯ ಓದುಗನಿಗೆ ಈ ಗ್ರಂಥದಲ್ಲಿ ನೆಂಟಸ್ತಿಕೆಯೊಂದು ಕಾಣುತ್ತದೆ, ಅದೇ ಅವನನ್ನು ಮೋಸಗೊಳಿಸುವುದು. ಗ್ರಾಂಟರು ರಮಣ ಮಹರ್ಷಿಗಳನ್ನು ಭಕ್ತಿಯಿಂದ ಓದಿದವರು, ಅದ್ವೈತವನ್ನು ಕುರಿತು ಲೇಖನಗಳನ್ನು ಬರೆದವರು. ಕನ್ನಡದ ಎಷ್ಟೋ ಮನೆಗಳಲ್ಲಿ ಪಾರಾಯಣವಾಗುವ ಸೌಂದರ್ಯಲಹರಿಯ ಪೂರ್ವಭಾಗವಾದ ಆನಂದಲಹರಿಗೆ ದೊರೆತ ತಾಂತ್ರಿಕ ವ್ಯಾಖ್ಯಾನವೊಂದನ್ನು ತಮ್ಮ ಗ್ರಂಥಗಳಲ್ಲಿ ಬಳಸಿಕೊಂಡವರು. ಷೋಡಶ ಕಲೆಗಳನ್ನು ಅವರು ಸ್ತ್ರೀದೇಹದ ಸ್ರಾವಗಳೆಂದು ಅರ್ಥಮಾಡಿ, ಅವುಗಳನ್ನು ತೊಗಟೆಗಳ ಸುರಂಗಗಳಿಗೆ ಹೊಂದಿಸುತ್ತಾರೆ. ವಾಮಾಚಾರಕ್ಕೆ ತಂತ್ರಶಾಸ್ತ್ರದಲ್ಲಿ ಸ್ಥಾನವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅಲ್ಲಿ ಅಧಿಕಾರಿಭೇದವಿದೆ, ಗುರುವಿನ ಆಜ್ಞೆಯಿದೆ, ದೇವಿಯ ಪೂಜೆಯಿದೆ. ವಾಮವು ದೇವಿಗೆ ಎದುರು ನಿಂತ ಪಕ್ಷವಲ್ಲ, ದೇವಿಯ ಬಳಿಗೆ ಹೋಗುವ ಕಡಿದಾದ ದಾರಿ. ಅದನ್ನು ತಂದು ಕಬ್ಬಾಲದ ‘ಆಚೆಯ ಪಕ್ಷ’ಕ್ಕೆ ಗಂಟುಹಾಕಿದಾಗ ಎರಡೂ ಕೆಡುತ್ತವೆ. ತಂತ್ರವು ಪಿಶಾಚವಿದ್ಯೆಯಾಗುತ್ತದೆ, ಯೆಹೂದ್ಯರ ಪಿಶಾಚವು ದೇವತೆಯಾಗುತ್ತದೆ.

ಗ್ರಾಂಟರ ನಂತರದವರಲ್ಲಿ ಸ್ವೀಡನ್ನಿನ ಥಾಮಸ್ ಕಾರ್ಲ್ಸನ್ನರು ಹೆಚ್ಚು ಕ್ರಮಬದ್ಧರು. ೧೯೯೦ರ ಸುಮಾರಿಗೆ ಡ್ರಾಗನ್ ರೂಜ್ ಎಂಬ ಮಂಡಲಿಯನ್ನು ಕಟ್ಟಿದರು. ವಿಶ್ವವಿದ್ಯಾನಿಲಯದಲ್ಲಿ ಪಾಂಡಿತ್ಯವನ್ನೂ ಸಂಪಾದಿಸಿದರು. ತೊಗಟೆಗಳನ್ನು ಕುರಿತ ಅವರ ಪುಸ್ತಕದಲ್ಲಿ ಸಾಧಕನು ಲಿಲಿತ್‌ಳ ಬಾಗಿಲಿನಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊನೆಗೆ ತಾನೇ ಸೃಷ್ಟಿಕರ್ತನಾಗುತ್ತಾನೆ. ಮನಸ್ಸಿನ ನೆರಳನ್ನು ಎದುರಿಸದವನು ಪೂರ್ಣ ಮನುಷ್ಯನಾಗಲಾರನೆಂಬ ಯೂಂಗರ ಮನಶ್ಶಾಸ್ತ್ರವನ್ನು ಇಂಥ ಸಾಧನೆಯ ಬೆಂಬಲಕ್ಕೆ ಕರೆಯುವವರುಂಟು. ಆದರೆ ಯೂಂಗರ ರೋಗಿಯು ತನ್ನ ನೆರಳಿನಲ್ಲಿ ಕಾಣುವುದು ತನ್ನ ಹೇಡಿತನವನ್ನು, ತನ್ನ ಹೊಟ್ಟೆಕಿಚ್ಚನ್ನು, ಕಂಡು ನಾಚುತ್ತಾನೆ. ಈ ಮಾರ್ಗದ ಸಾಧಕನಿಗೆ ಕತ್ತಲೆಯಲ್ಲಿ ಕಾಣುವುದು ಕಿರೀಟ. ಲೂರಿಯಾರು ಹೇಳಿದ ಕಿಡಿಯನ್ನು ಅವನು ಕೇಳುವುದೇ ಇಲ್ಲ; ಬಿಡಿಸಬೇಕಾದವರು ಯಾರೂ ಅವನ ಲೋಕದಲ್ಲಿಲ್ಲ. ರೊಟ್ಟಿಯಿಲ್ಲ, ಅಂಗಡಿಯಿಲ್ಲ, ನೆರೆಹೊರೆಯಿಲ್ಲ. ಒಬ್ಬನೇ ಒಬ್ಬ, ಅವನ ಸುತ್ತ ಸಿಪ್ಪೆಗಳು.

ಇಂಗ್ಲಿಷ್ ಬಲ್ಲ ಓದುಗರಿಗೆ ಒಂದು ಅನನುಕೂಲವಿರುವುದು ನಿಜ. ಗ್ರಾಂಟರ ಸಂಪುಟಗಳನ್ನು ನೇರವಾಗಿ ಇಂಗ್ಲಿಷಿನಲ್ಲಿಯೇ ಓದಬಹುದು. ವಿಟಾಲರ ‘ಎತ್ಸ್ ಹಯ್ಯಿಮ್’ ಗ್ರಂಥದ ಮೊದಲ ಭಾಗಕ್ಕೆ ಇಂಗ್ಲಿಷ್ ಅನುವಾದ ಬಂದುದು ೧೯೯೯ರಲ್ಲಿ. ಅದನ್ನು ಓದಲು ತಾಳ್ಮೆ ಬೇಕು, ಪ್ರತಿ ಪುಟವೂ ಲೆಕ್ಕದ ಪುಸ್ತಕದಂತೆ ಶುಷ್ಕವಾಗಿದೆ. ಮೊದಲು ಶೋಲೆಮರು ೧೯೪೧ರಲ್ಲಿ ಪ್ರಕಟಿಸಿದ ‘ಮೇಜರ್ ಟ್ರೆಂಡ್ಸ್ ಇನ್ ಜ್ಯೂಯಿಷ್ ಮಿಸ್ಟಿಸಿಸಮ್’ ಗ್ರಂಥದ ಏಳನೆಯ ಮತ್ತು ಎಂಟನೆಯ ಉಪನ್ಯಾಸಗಳನ್ನು ಓದಿಕೊಂಡು, ಆಮೇಲೆ ವಿಟಾಲರಿಗೆ ಕೈಹಾಕುವವರಿಗೆ ಪಾತ್ರೆಗಳು ಒಡೆಯುವ ಪ್ರಕರಣವಾದರೂ ದಕ್ಕುವುದು.