ಪರದೇಶಿ ಮೀನು ಯಾವುದು?

'ಆಕ್ರಮಣಕಾರಿ ಮೀನು' ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಬಹುಶಃ ಆಫ್ರಿಕನ್ ಕ್ಯಾಟ್‌ಫಿಷ್. ಲೋಳೆ ಮೈ, ನಾಲ್ಕು ಜೊತೆ ಮೀಸೆ, ಸಿಕ್ಕಿದ್ದನ್ನೆಲ್ಲ ನುಂಗುವ ಬಾಯಿ. ಇದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಅಧಿಕಾರಿಗಳು ಹೊಂಡಗಳ ಮೇಲೆ ದಾಳಿ ನಡೆಸಿ ಈ ಮೀನುಗಳನ್ನು ನಾಶಪಡಿಸಿದ ಸುದ್ದಿಯನ್ನು ಆಗಾಗ ಓದಿರುತ್ತೀರಿ. ನಿಷೇಧ ಸರಿಯಾದದ್ದೇ. ನಮ್ಮ ತಕರಾರು ಅದರ ಹಿಂದಿರುವ ಅಳತೆಗೋಲಿನ ಬಗ್ಗೆ. ದೇಶದ ಹೊರಗಿನಿಂದ ಬಂದ ಮೀನು ಅಪಾಯಕಾರಿ, ಒಳಗಿನದು ನಿರಪಾಯಕಾರಿ ಎಂಬ ಲೆಕ್ಕ ಭೂಪಟದ್ದೇ ಹೊರತು ನೀರಿನದಲ್ಲ. ಸಿಹಿನೀರಿನ ಮೀನಿಗೆ ತನ್ನ ನದಿಯ ಕೊಳ್ಳವೇ ದೇಶ. ಸಾಮಾನ್ಯವಾಗಿ ಒಂದು ಕೊಳ್ಳದ ಮೀನು ಇನ್ನೊಂದು ಕೊಳ್ಳಕ್ಕೆ ಹೋಗಬೇಕಾದರೆ ಯಾರಾದರೂ ಅದನ್ನು ಹೊತ್ತೊಯ್ಯಬೇಕು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ಜೀವಂತವೆನ್ನುವಂತೆ ನಿಲ್ಲಿಸುವುದಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಕಬಿನಿಯಲ್ಲಿ ಗಾಳ ಹಾಕಿ ಒಂದು ಬಿಳಿಮೀನು ಹಿಡಿದರು. ಅದರ ತೂಕ 120 ಪೌಂಡ್, ಅಂದರೆ ಸುಮಾರು 54 ಕಿಲೋ. ಒಬ್ಬ ವಯಸ್ಕ ಮನುಷ್ಯನ ತೂಕ! ಇದು ಬೆನ್ನು ಗೂನಾಗಿರುವ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ.

1970ರ ದಶಕದಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಾಳಜಿಯಿಂದಲೇ ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ಕಾವೇರಿಗೆ ಬಿಡಲು ಆರಂಭಿಸಲಾಯಿತು. ಆದರೆ ಅವು ನೀಲಿ ರೆಕ್ಕೆಯ ಬೇರೆ ಮಹಶೀರ್, ಟಾರ್ ಖುದ್ರೀ. 1839ರಲ್ಲಿ ಸೈಕ್ಸ್ ಅದನ್ನು ವರ್ಣಿಸಿದ್ದು ಪುಣೆಯ ಬಳಿಯ ನದಿಯಿಂದ, ಅಂದರೆ ಕೃಷ್ಣಾ ಕೊಳ್ಳದಿಂದ. ನೋಡುವವರಿಗೆ ಎರಡೂ ಮಹಶೀರೇ, ಎರಡೂ 'ಭಾರತೀಯ'.

ಮುಂದೇನಾಯಿತು? ಕಬಿನಿ ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಬಹಳ ಕೆಳಗೆ, ಕನಕಪುರ ತಾಲೂಕಿನ ಗಲಿಬೋರೆಯಲ್ಲಿ, ಮೀನನ್ನು ಗಾಳದಲ್ಲಿ ಹಿಡಿದು ಮತ್ತೆ ನೀರಿಗೇ ಬಿಡುವ ಶಿಬಿರವಿತ್ತು. 1998ರಿಂದ 2012ರವರೆಗಿನ ಅಲ್ಲಿನ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನೀಲಿ ರೆಕ್ಕೆಯ ಮೀನು ಏರುತ್ತಾ ಹೋಗಿತ್ತು, ಗೂನುಬೆನ್ನಿನದು ಇಳಿಯುತ್ತಾ ಬಂದಿತ್ತು. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿಸಲಾಗಿದ್ದ ಟಾರ್ ರೆಮಾದೇವಿಯೈ ಇದೇ ಮೀನು ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಐಯುಸಿಎನ್ ಇದನ್ನು 'ತೀವ್ರ ಅಪಾಯಕ್ಕೊಳಗಾದ' ಪಟ್ಟಿಗೆ ಸೇರಿಸಿತು. ಸರಿಯಾದ ವೈಜ್ಞಾನಿಕ ಹೆಸರು ದೊರಕುವ ಹೊತ್ತಿಗೆ ಮೀನೇ ಕೈಬಿಡುತ್ತಿತ್ತು.

ಎಲ್ಲ ತಪ್ಪನ್ನೂ ಬಿತ್ತನೆಯ ಮೇಲೆ ಹಾಕುವುದು ನ್ಯಾಯವಲ್ಲ. ಅಣೆಕಟ್ಟುಗಳು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹಿಡಿಯುವ ಕೆಟ್ಟ ಚಟ, ಇವೆಲ್ಲಕ್ಕೂ ಪಾಲಿದೆ. ಆದರೆ ಈ ಕಾರಣಗಳು ಎರಡು ಮೀನುಗಳನ್ನೂ ಕಾಡಬೇಕಲ್ಲವೇ? ಒಂದು ಮಾತ್ರ ಹೆಚ್ಚಿದ್ದೇಕೆ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು.

ಇನ್ನು ಜಿಲೇಬಿ. ನಮ್ಮ ಕಡೆ ಈ ಹೆಸರಿನಲ್ಲೇ ಪರಿಚಿತವಾದ ತಿಲಾಪಿಯಾ ಆಫ್ರಿಕಾ ಮೂಲದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಏಳೇ ವರ್ಷದಲ್ಲಿ, 1959ರಲ್ಲಿ, ಇದನ್ನು ಇನ್ನು ಹರಡಬಾರದೆಂಬ ತೀರ್ಮಾನವಾಯಿತು. ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿಮಾಡುತ್ತದೆ. ಮರಿಗಳು ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ, ವರ್ಷಕ್ಕೆ ಹಲವು ಬಾರಿ ಮರಿ ಹಾಕುತ್ತವೆ. ಇಂಥ ಮೀನಿಗೆ ಕಾಗದದ ಮೇಲಿನ ತೀರ್ಮಾನ ತಿಳಿಯುವುದಿಲ್ಲ. ಹಾಗೆಂದು ಬಲೆಗೆ ಬಿದ್ದ ಜಿಲೇಬಿಯನ್ನು ಮಾರುವ ಮೀನುಗಾರನನ್ನು ದೂರಬೇಡಿ. ಬಡವರ ಮನೆಗೆ ಎಟಕುವ ಬೆಲೆಯ ಮೀನು ಅದು. ಅದನ್ನು ಹಿಡಿದಷ್ಟೂ ಒಳ್ಳೆಯದೇ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಿ. ಲಕ್ಷ್ಮಣತೀರ್ಥ ಹುಣಸೂರಿನ ಮೂಲಕ ಹರಿದು ಕೃಷ್ಣರಾಜಸಾಗರದ ಹಿನ್ನೀರಿಗೆ ಸೇರುತ್ತದೆ. ಹನಗೋಡು ಕಟ್ಟೆಯಿಂದ ಅದರ ನೀರು ಕಾಲುವೆಗೆ ಇಳಿಯುತ್ತದೆ. ಕೆ.ಆರ್. ನಗರದ ಚುಂಚನಕಟ್ಟೆಯನ್ನು ದಾಟಿದ ಕಾವೇರಿಯೂ ಅದೇ ಸಾಗರಕ್ಕೆ. ಪಿರಿಯಾಪಟ್ಟಣದ ಸುಮಾರು 150 ಕೆರೆಗಳಿಗೆ ಮುತ್ತಿನ ಮುಳುಸೋಗೆಯ ಬಳಿ ಕಾವೇರಿ ನೀರೆತ್ತಿ ತುಂಬಿಸುವ ಯೋಜನೆ ರೂಪುಗೊಂಡಿದೆ. ಕೋಟೆ ಕಡೆ 1974ರಲ್ಲಿ ಪೂರ್ಣಗೊಂಡ 19.52 ಟಿಎಂಸಿ ಸಾಮರ್ಥ್ಯದ ಕಬಿನಿ ಜಲಾಶಯ, ಜೊತೆಗೆ ತಾರಕ, ಹೆಬ್ಬಳ್ಳ, ನುಗು. ಕೆರೆ ಕೋಡಿ ಬಿದ್ದರೆ ಹಳ್ಳ, ಹಳ್ಳದಿಂದ ಹೊಳೆ, ಹೊಳೆಯಿಂದ ಜಲಾಶಯ. ಕೆರೆಯ ಮೀನು ಕೆರೆಯಲ್ಲೇ ಉಳಿಯುತ್ತದೆ ಎಂದು ನಂಬುವುದು ಹೇಗೆ?

ಹಿಮಾಚಲದ ಗೋವಿಂದಸಾಗರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಅರ್ಧ ಶತಮಾನವಾಯಿತು. 1971ರಲ್ಲಿ ನೆರೆ ಬಂದು ಸಾಕಣೆ ಕೇಂದ್ರದಲ್ಲಿದ್ದ ಬೆಳ್ಳಿಗೆಂಡೆ ಜಲಾಶಯಕ್ಕೆ ಸೇರಿತು, ಮುಂದೆ ಅಲ್ಲಿನ ಮುಖ್ಯ ಮೀನೇ ಆಯಿತು. ಕಾಟ್ಲಾ ಹಿಂದೆ ಬಿತ್ತು. ಯಾರೂ ಬೇಕೆಂದು ಬಿಟ್ಟದ್ದಲ್ಲ. ಇದೇ ಬೆಳ್ಳಿಗೆಂಡೆ ಅಮೆರಿಕದ ಮಹಾ ಸರೋವರಗಳಿಗೆ ನುಗ್ಗದಂತೆ ಶಿಕಾಗೋ ಬಳಿಯ ಕಾಲುವೆಯಲ್ಲಿ ವಿದ್ಯುತ್ ತಡೆಯನ್ನೇ ಹಾಕಿದ್ದಾರೆ. ನಮ್ಮಲ್ಲಿ ಇದು ಸಾಕುವ ಮೀನು. ಕಾಟ್ಲಾ, ರೋಹು, ಮೃಗಾಲ್‌ಗಳೂ ಉತ್ತರದ ನದಿಗಳಿಂದ ಬಂದವೇ, ಕಾವೇರಿಯವಲ್ಲ. ಅವುಗಳನ್ನು ಈಗ ಹೊರಹಾಕಬೇಕೆಂದು ಹೇಳುತ್ತಿಲ್ಲ. ಅನೇಕ ಕುಟುಂಬಗಳ ಊಟ ಅದರಲ್ಲಿದೆ. ಆದರೆ ಇವುಗಳ ಬಗ್ಗೆ ಕೇಳಬೇಕಾದ ಪ್ರಶ್ನೆಯನ್ನೂ 'ದೇಶೀಯ' ಎಂಬ ಪದ ಮುಚ್ಚಿಹಾಕುತ್ತದೆ.

ಮೀನುಮರಿ ಬಿತ್ತನೆಯ ವರದಿಗಳನ್ನು ಓದಿದಾಗ ನಿರಾಸೆಯಾಗುವುದು ಇಲ್ಲಿಯೇ. ಇಷ್ಟು ಲಕ್ಷ ಮರಿ ಬಿಟ್ಟೆವು ಎಂಬ ಅಂಕಿ ದಪ್ಪಕ್ಷರದಲ್ಲಿರುತ್ತದೆ, ಜೊತೆಗೊಂದು ಛಾಯಾಚಿತ್ರ. ಬಿಡುವ ಮೊದಲು ಆ ನೀರಿನಲ್ಲಿ ಏನೇನಿತ್ತು, ಐದು ವರ್ಷದ ನಂತರ ಏನು ಉಳಿಯಿತು ಎಂಬುದು ಎಲ್ಲಿ? ಹೊಲಕ್ಕೆ ಬೀಜ ಹಾಕಿದ ರೈತ ಎಷ್ಟು ಬೆಳೆ ಬಂತು, ಎಷ್ಟು ಕಳೆ ಬಂತು ಎಂದು ನೋಡದೆ ಇರುತ್ತಾನೆಯೇ? ಮರಿಗಳ ಜೊತೆ ಬೇರೆ ಜಾತಿಯ ಮರಿಯೂ ಬೆರೆತು ಬರಬಹುದೆಂಬುದನ್ನು ಮೀನು ಸಾಕಿದವರೆಲ್ಲ ಬಲ್ಲರು. ಮನೆಯ ಗಾಜಿನ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದ ಸಕ್ಕರ್ ಮೀನನ್ನು 'ಪಾಪ' ಎಂದು ಕೆರೆಗೆ ಬಿಡುವವರಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಮೀನಿದ್ದರೆ ದಯವಿಟ್ಟು ಕೆರೆಗೆ ಬಿಡಬೇಡಿ.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗಲಿಬೋರೆಯಲ್ಲಿ ಗಾಳಗಾರರು ಯಾವ ಮೀನು, ಎಷ್ಟು ತೂಕ, ಯಾವ ದಿನ ಎಂದು ಬರೆದಿಟ್ಟಿದ್ದರು. ಬಿಳಿಮೀನಿನ ಕಥೆ ಬಯಲಾದದ್ದು ಆ ಪುಸ್ತಕಗಳಿಂದ. ಕಬಿನಿ ಹಿನ್ನೀರಿನ ದಡದಲ್ಲಿ ದಿನವೂ ಬೆಳಿಗ್ಗೆ ಮೀನು ತೂಗುವ ತಕ್ಕಡಿ ಇದೆ. ತೂಕ ಬರೆಯುವ ಸಾಲಿನ ಪಕ್ಕದಲ್ಲಿ ಜಾತಿಯನ್ನೂ ಬರೆಯಲು ಒಂದು ಅಂಕಣ ಸಾಕು.