ಘನಮೂಲದ ಶಕುಂತಲಾದೇವಿ

ಶಕುಂತಲಾದೇವಿಯವರ ಮಾತು ಬಂದಾಗಲೆಲ್ಲ ನಮ್ಮವರು ನೆನೆಯುವುದು ಒಂದೇ ಸಂಗತಿಯನ್ನು: 1980ರ ಜೂನ್ 18, ಲಂಡನ್ನಿನ ಇಂಪೀರಿಯಲ್ ಕಾಲೇಜು, 13 ಅಂಕಿಗಳ ಎರಡು ಸಂಖ್ಯೆಗಳ ಗುಣಾಕಾರ, 28 ಸೆಕೆಂಡು. 2020ರಲ್ಲಿ ವಿದ್ಯಾ ಬಾಲನ್ ಅಭಿನಯದ ಸಿನಿಮಾ ಬಂದಾಗಲೂ ಇದೇ ಮಾತು. ಅದೇ ವರ್ಷ ಗಿನ್ನೆಸ್ ಸಂಸ್ಥೆ ಮರಣೋತ್ತರವಾಗಿ ಪ್ರಮಾಣಪತ್ರ ಕೊಟ್ಟಾಗಲೂ ಇದೇ ಮಾತು. ಈ ಖ್ಯಾತಿ ಅಳತೆ ಮೀರಿ ಬೆಳೆದದ್ದು ಎಂಬುದು ನನ್ನ ಮೊದಲ ಆಕ್ಷೇಪ. ಅದರ ಅಬ್ಬರದಲ್ಲಿ ಅವರ ನಿಜವಾದ ಕಲೆಯನ್ನು ಯಾರೂ ಸರಿಯಾಗಿ ನೋಡಲೇ ಇಲ್ಲ ಎಂಬುದು ಎರಡನೆಯದು, ಮತ್ತು ದೊಡ್ಡದು.

1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, ಸರ್ಕಸ್ಸಿನಲ್ಲಿದ್ದ ತಂದೆ, ಇಸ್ಪೀಟಿನ ಎಲೆಗಳಲ್ಲಿ ಮೊದಲು ಕಂಡ ಪ್ರತಿಭೆ, ದೇಶವಿದೇಶಗಳ ಪ್ರದರ್ಶನ, 2013ರಲ್ಲಿ ಇದೇ ಊರಿನಲ್ಲಿ ಸಾವು: ಇವೆಲ್ಲ ಓದುಗರಿಗೆ ಗೊತ್ತಿರುವುದೇ. ಜೀವನಚರಿತ್ರೆಯನ್ನು ಬಿಟ್ಟು ಲೆಕ್ಕಕ್ಕೆ ಬರೋಣ. ಏಕೆಂದರೆ ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರು ಬಿಟ್ಟದ್ದು ಲೆಕ್ಕವನ್ನೇ.

ಸಂಖ್ಯೆಯೊಳಗೆ ಅಡಗಿದ ವಿನ್ಯಾಸಕ್ಕೆ ಬೆಲೆ ಕಟ್ಟುವುದು ಹೇಗೆ? ಬೇಸ್‌ಬಾಲಿನಿಂದ ಬಂದ ಒಗಟೊಂದು ಇದಕ್ಕೆ ಒಳ್ಳೆಯ ಒರೆಗಲ್ಲು. ನಮ್ಮ ಸಿಕ್ಸರಿಗೆ ಹತ್ತಿರದ್ದು ಅಲ್ಲಿಯ ಹೋಮ್ ರನ್. ಬೇಬ್ ರೂತ್ ಹೊಡೆದ ಹೋಮ್ ರನ್‌ಗಳು 714. ಆ ದಾಖಲೆಯನ್ನು ಮುರಿದು 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ 715ನೆಯದನ್ನು ಹೊಡೆದರು. ಒಗಟು ಇಷ್ಟೇ: ಬೆನ್ನುಬೆನ್ನಿಗಿರುವ ಈ ಎರಡು ಸಂಖ್ಯೆಗಳಲ್ಲಿ ವಿಶೇಷವೇನು? ಅಂಕಿಗಳನ್ನು ಕೂಡಿದರೆ, ತಿರುಗಿಸಿ ಬರೆದರೆ ಏನೂ ಸಿಗುವುದಿಲ್ಲ. ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ಸಿಗುತ್ತದೆ. 714 ಎಂದರೆ 2, 3, 7, 17ರ ಗುಣಲಬ್ಧ. 715 ಎಂದರೆ 5, 11, 13ರ ಗುಣಲಬ್ಧ. ಮೊದಲನೆಯವನ್ನು ಕೂಡಿದರೆ 29, ಎರಡನೆಯವನ್ನು ಕೂಡಿದರೂ 29. ಅಷ್ಟೇ ಅಲ್ಲ, ಎರಡು ಪಟ್ಟಿಗಳನ್ನೂ ಸೇರಿಸಿದರೆ ಮೊದಲ ಏಳು ಅವಿಭಾಜ್ಯಗಳು ಒಂದೂ ಬಿಡದೆ, ಒಂದೂ ಮರುಕಳಿಸದೆ ಬಂದು ನಿಲ್ಲುತ್ತವೆ. ಜಾರ್ಜಿಯಾ ವಿಶ್ವವಿದ್ಯಾಲಯದ ಕಾರ್ಲ್ ಪೊಮರೆನ್ಸ್ ಮತ್ತು ಸಂಗಡಿಗರು ಇದರ ಬಗ್ಗೆ ಅದೇ ವರ್ಷ ಲೇಖನ ಬರೆದರು. ಅದರಲ್ಲಿ ಅವರು ಮುಂದಿಟ್ಟ ಊಹೆಯನ್ನು ಸಾಧಿಸಿ ತೋರಿಸಿದವರು ಪಾಲ್ ಎರ್ಡಿಶ್. ಆಟದ ಮೈದಾನದಿಂದ ಎದ್ದ ಒಗಟು ಸಂಖ್ಯಾಸಿದ್ಧಾಂತದ ಒಳಮನೆಗೆ ಹೋಯಿತು.

ಇದರ ಪಕ್ಕದಲ್ಲಿ ನಮ್ಮದೇ ಒಂದು ಸಂಖ್ಯೆಯನ್ನು ಇಟ್ಟು ನೋಡಿ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ ಟೆಸ್ಟ್‌ಗಳಲ್ಲಿ ಪಡೆದ ವಿಕೆಟ್ 619. ಕಾಗದವನ್ನು ತಲೆಕೆಳಗು ಮಾಡಿದರೂ ಅದು 619. ನೋಡಿದ ಕ್ಷಣ ಖುಷಿಯಾಗುತ್ತದೆ, ನಿಜ. ಆದರೆ ಕನ್ನಡ ಅಂಕಿಗಳಲ್ಲಿ ೬೧೯ ಎಂದು ಬರೆದು ತಿರುಗಿಸಿ, ಆ ಗುಣ ಮಾಯವಾಗುತ್ತದೆ. ಅದು ಸಂಖ್ಯೆಯ ಗುಣವಲ್ಲ, ಬರವಣಿಗೆಯ ಗುಣ. ಅದೇ 619 ಅವಿಭಾಜ್ಯ ಎಂಬುದು ಯಾವ ಲಿಪಿಯಲ್ಲಿ ಬರೆದರೂ ಸುಳ್ಳಾಗುವುದಿಲ್ಲ. ವಿನ್ಯಾಸ ಎಷ್ಟು ಆಳದಲ್ಲಿ ಕೂತಿದೆ ಎಂಬುದೇ ಒಗಟಿನ ಬೆಲೆ. ಬಿಡಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದಲ್ಲ.

ಈ ಅಳತೆಗೋಲು ನಮ್ಮ ನಾಡಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಕಂಠಹಾರದಂತೆ ಎರಡು ಬದಿಯಿಂದಲೂ ಒಂದೇ ಆಗಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾನೆ. 142857143ನ್ನು 7ರಿಂದ ಗುಣಿಸಿದರೆ 1000000001. ಗುಣಿಸುವ ಶ್ರಮ ಅಲ್ಲಿ ಮುಖ್ಯವಲ್ಲ. ಆ ಹಾರ ಅಲ್ಲಿದೆ ಎಂದು ಕಂಡದ್ದು ಮುಖ್ಯ. ಶಕುಂತಲಾದೇವಿಯವರನ್ನು ಕೂರಿಸಬೇಕಾದದ್ದು ಈ ಪಂಕ್ತಿಯಲ್ಲಿ. ಕಂಪ್ಯೂಟರಿನ ಪಕ್ಕದಲ್ಲಿ ನಿಲ್ಲಿಸಿ ನಾವು ಅವರನ್ನು ಚಿಕ್ಕವರನ್ನಾಗಿಸಿದೆವು.

ಹೇಗೆ ಎಂಬುದನ್ನು ಒಂದೇ ಉದಾಹರಣೆಯಲ್ಲಿ ನೋಡೋಣ. ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳಿದ ಲೆಕ್ಕಗಳಲ್ಲಿ ಎರಡು ಪ್ರಸಿದ್ಧ: 61629875ರ ಘನಮೂಲ, 170859375ರ ಏಳನೆಯ ಮೂಲ. ಜೆನ್ಸನ್ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು: 395 ಮತ್ತು 15.

ಕೇಳುವವರಿಗೆ ಏಳನೆಯ ಮೂಲವೇ ಹೆಚ್ಚು ಭಯಂಕರ. ನಿಜ ಅದಕ್ಕೆ ತಿರುಗುಮುರುಗು. ಸಂಖ್ಯೆ 5ರಲ್ಲಿ ಮುಗಿದಿದೆ, ಆದ್ದರಿಂದ ಮೂಲವೂ 5ರಲ್ಲೇ ಮುಗಿಯಬೇಕು. ಹತ್ತರ ಏಳನೆಯ ಘಾತ ಒಂದು ಕೋಟಿ, ಇಪ್ಪತ್ತರದು 128 ಕೋಟಿ. ಕೊಟ್ಟದ್ದು 17 ಕೋಟಿ ಚಿಲ್ಲರೆ. ಎರಡರ ನಡುವೆ 5ರಲ್ಲಿ ಮುಗಿಯುವುದು 15 ಒಂದೇ. ಹೈಸ್ಕೂಲು ಹುಡುಗಿಯೊಬ್ಬಳು ಕಾಗದವಿಲ್ಲದೆ ಹೇಳಬಹುದಾದ ಉತ್ತರ ಇದು. ಮೂಲ ಖಚಿತವಾದ ಪೂರ್ಣಾಂಕವೆಂದು ಮೊದಲೇ ಗೊತ್ತಿದ್ದರೆ, ಘಾತ ಏರಿದಂತೆ ಪೂರ್ಣಾಂಕಗಳ ಘಾತಫಲಗಳು ಒಂದರಿಂದೊಂದು ದೂರ ಸರಿಯುತ್ತವೆ, ಹುಡುಕುವ ಜಾಗ ಕಿರಿದಾಗುತ್ತದೆ.

ಘನಮೂಲ ಹಾಗಲ್ಲ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೊದಲ ಹೆಜ್ಜೆ ಪರಿಚಿತ: ಕೊನೆಯ ಮೂರು ಮೂರು ಅಂಕಿ ಬಿಟ್ಟರೆ ಉಳಿಯುವುದು 61. ಅದು 27 ಮತ್ತು 64ರ ನಡುವಿನದು, ಆದ್ದರಿಂದ ಮೊದಲ ಅಂಕಿ 3. ಕೊನೆಯ ಅಂಕಿ 5. ನಡುವಿನದು? ಘನ 1, 3, 7, 9ರಲ್ಲಿ ಮುಗಿದಿದ್ದರೆ ಹತ್ತರ ಸ್ಥಾನವೇ ನಡುವಿನ ಅಂಕಿಯನ್ನು ಒಪ್ಪಿಸಿಬಿಡುತ್ತದೆ. 5ರಲ್ಲಿ ಮುಗಿದಾಗ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. 15ರ ಘನ 3375, 25ರದು 15625, 35ರದು 42875: ಹತ್ತರ ಸ್ಥಾನ ಬೆಸವಾದರೆ 75, ಸಮವಾದರೆ 25, ಅಷ್ಟೇ. ನಮ್ಮ ಸಂಖ್ಯೆ 75ರಲ್ಲಿ ಮುಗಿದಿದೆ. ಹಾಗಾಗಿ ನಡುವೆ 1, 3, 5, 7, 9ರಲ್ಲಿ ಯಾವುದೂ ಇರಬಹುದು. ಎಲ್ಲರೂ ಕಲಿಸುವ ಸೂತ್ರ ಇಲ್ಲಿ ಕೈಕೊಡುತ್ತದೆ.

ಮುಂದಿನ ಜರಡಿ ಒಂಬತ್ತರದು. 61629875ರ ಅಂಕಿಗಳ ಮೊತ್ತ 44. ಮತ್ತೆ ಕೂಡಿದರೆ 8. ಘನವೊಂದು 8ಕ್ಕೆ ಇಳಿದರೆ ಅದರ ಮೂಲವನ್ನು 3ರಿಂದ ಭಾಗಿಸಿದಾಗ 2 ಉಳಿಯಲೇಬೇಕು. 315, 355, 375 ಉದುರುತ್ತವೆ. ಉಳಿಯುವುದು 335 ಮತ್ತು 395. ಈಗ ಕಣ್ಣಿನ ಕೆಲಸ: 400ರ ಘನ 6 ಕೋಟಿ 40 ಲಕ್ಷ, ಕೊಟ್ಟದ್ದು 6 ಕೋಟಿ 16 ಲಕ್ಷ ಚಿಲ್ಲರೆ. ನಾನೂರರ ಪಕ್ಕದಲ್ಲೇ ಇರುವ ಸಂಖ್ಯೆ ಇದು. 335ರ ಘನವಾದರೋ ನಾಲ್ಕು ಕೋಟಿಯನ್ನೂ ಮುಟ್ಟುವುದಿಲ್ಲ. ಉತ್ತರ 395.

ಶಕುಂತಲಾದೇವಿ ಇದೇ ಕ್ರಮದಲ್ಲಿ ಹೋದರೆಂದು ನಾನು ವಾದಿಸುತ್ತಿಲ್ಲ. ನಾನೂರರ ಹತ್ತಿರ ಎಂದು ಮೊದಲೇ ಕಂಡು, ಐದರ ಗುರುತಿನಿಂದ ನೇರವಾಗಿ ಇಳಿದಿರಲೂಬಹುದು. ಎಷ್ಟು ದಾರಿಗಳಿವೆ, ಯಾವುದು ಎಲ್ಲಿ ಮುಚ್ಚುತ್ತದೆ, ಮುಚ್ಚಿದಾಗ ಯಾವುದಕ್ಕೆ ಹೊರಳಬೇಕು ಎಂಬ ವಿವೇಕವೇ ಇಲ್ಲಿಯ ಕಲೆ. ಇನ್ನೊಂದು ಸಂಗತಿ ಗಮನಿಸಿ. 1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯ 23ನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು, ಉತ್ತರ 546372891. 3, 7, 23: ಮೂರನ್ನೂ 4ರಿಂದ ಭಾಗಿಸಿದರೆ 3 ಉಳಿಯುತ್ತದೆ. ಕೊನೆಯ ಅಂಕಿಗಳು ನಾಲ್ಕು ಘಾತಗಳಿಗೊಮ್ಮೆ ಮರಳಿ ಬರುವುದರಿಂದ ಮೂರಕ್ಕೂ ಕೊನೆಯ ಅಂಕಿಯ ಪಟ್ಟಿ ಒಂದೇ. 2 ಇದ್ದರೆ 8, 3 ಇದ್ದರೆ 7, 8 ಇದ್ದರೆ 2, 7 ಇದ್ದರೆ 3, ಉಳಿದವು ಇದ್ದಂತೆಯೇ. ಆ ಒಂಬತ್ತು ಅಂಕಿಗಳ ಉತ್ತರದಲ್ಲಿ ಈ ಪಟ್ಟಿ ಕೊಡುವುದು ಕೊನೆಯದೊಂದನ್ನು ಮಾತ್ರ. ಉಳಿದದ್ದಕ್ಕೆ ಅಪಾರ ಅಭ್ಯಾಸ ಬೇಕು. ಆದರೂ ಮೂರು ಪ್ರದರ್ಶನಗಳನ್ನು ಬೆಸೆದ ನೂಲು ಒಂದೇ ಎಂದು ತಿಳಿದಾಗ ಆಗುವ ಬೆರಗು ಸೆಕೆಂಡಿನ ಮುಳ್ಳು ನೋಡಿದಾಗ ಆಗುವುದಿಲ್ಲ.

ಈಗ ಲಂಡನ್ನಿನ ಗುಣಾಕಾರಕ್ಕೆ ಬನ್ನಿ. ಕಾಲೇಜಿನ ಕಂಪ್ಯೂಟಿಂಗ್ ವಿಭಾಗ ಮನಬಂದಂತೆ ಆರಿಸಿದ ಸಂಖ್ಯೆಗಳವು. ಅವುಗಳಲ್ಲಿ ಹುಡುಕಲು ವಿನ್ಯಾಸವೇ ಇಲ್ಲ. ಮಗ್ಗಿಯ ದಾರಿಯಲ್ಲಿ ಹೋದರೆ 169 ಬಿಡಿ ಗುಣಾಕಾರ, ಜೊತೆಗೆ ಕೂಡುವ ಕೆಲಸ. ಬಾಯಿಲೆಕ್ಕದ ಪ್ರತಿಭಾವಂತರ ಇತಿಹಾಸ ಬರೆದ ಸ್ಟೀವನ್ ಸ್ಮಿತ್, ಈ ಫಲಿತಾಂಶ ಹಿಂದಿನ ಎಲ್ಲ ದಾಖಲೆಗಳನ್ನೂ ಎಷ್ಟು ಮೀರಿದೆಯೆಂದರೆ ನಂಬುವುದು ಕಷ್ಟ ಎಂದರು. ನಮ್ಮಲ್ಲಿ ಅಂಥ ಸಂಶಯವನ್ನು ಹಲವರು ಅವಮಾನವೆಂದೇ ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ದೂರು ಬೇರೆ: ಸಂಶಯವನ್ನು ಪೂರ್ತಿ ಅಳಿಸಿ 28 ಸೆಕೆಂಡನ್ನು ಒಪ್ಪಿಕೊಂಡರೂ ಅದರಿಂದ ನಾವು ಕಲಿಯುವುದು ಏನೂ ಇಲ್ಲ. ವೇಗವೇ ಅವರ ಗುಟ್ಟು ಎಂಬುದಕ್ಕೆ ಜೆನ್ಸನ್ ಪರೀಕ್ಷೆಯೂ ಆಧಾರ ಕೊಡುವುದಿಲ್ಲ. ಸರಳ ಕೆಲಸಗಳಿಗೆ ಪ್ರತಿಕ್ರಿಯಿಸುವ ವೇಗದಲ್ಲಿ ಅವರು ಅಸಾಧಾರಣರಾಗಿರಲಿಲ್ಲ.

ಇಲ್ಲಿ ಎರಡು ಬಣದವರೊಡನೆ ನನ್ನ ಜಗಳವಿದೆ. ಒಂದು ಬಣಕ್ಕೆ ಅವರು ದೈವದತ್ತ ಪವಾಡ. ಪವಾಡವೆಂದು ಕೈಮುಗಿದರೆ ಮುಗಿಯಿತು, ಘನಮೂಲ ಬಿಡಿಸಿ ನೋಡುವ ಹಂಗಿಲ್ಲ. ಇನ್ನೊಂದು ಬಣ ನಮ್ಮ ವಿಚಾರವಾದಿಗಳದು. ಇವರ ಮೇಲೆ ನನಗೆ ಗೌರವ ಹೆಚ್ಚು, ಆದ್ದರಿಂದ ಸಿಟ್ಟೂ ಹೆಚ್ಚು. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದರು. ಆ ಪರಂಪರೆಯಲ್ಲಿ ಬೆಳೆದವರು ಶಕುಂತಲಾದೇವಿಯವರ ಮಾತಿಗೆ ‘ಅಯ್ಯೋ, ಎಲ್ಲ ಬರೀ ಟ್ರಿಕ್ಕು’ ಎಂದು ಕೈಝಾಡಿಸುವುದನ್ನು ಕೇಳಿದ್ದೇನೆ. ಟ್ರಿಕ್ಕು ಎಂದರೇನು? ಕೊನೆಯ ಅಂಕಿ ಹಾಗೇ ಏಕೆ ಬರುತ್ತದೆ, ಒಂಬತ್ತರ ಜರಡಿ ಏಕೆ ಹಿಡಿಯುತ್ತದೆ ಎಂಬುದಕ್ಕೆ ಸಾಧನೆ ಉಂಟು. ಸಾಧನೆ ಇರುವ ಟ್ರಿಕ್ಕಿಗೆ ಗಣಿತವೆಂದೇ ಹೆಸರು. ಪವಾಡವಲ್ಲ ಎಂದು ತೋರಿಸಿದ ಮೇಲೆ ವಿಚಾರವಾದಿಯ ಕೆಲಸ ಶುರುವಾಗಬೇಕು. ಇವರದು ಅಲ್ಲಿಗೆ ಮುಗಿಯುತ್ತದೆ. ಎರಡೂ ಬಣದವರಿಗೆ ಬೇಡವಾದದ್ದು ಒಂದೇ, ಪೆನ್ಸಿಲು ಹಿಡಿದು ಕೂರುವ ಕಷ್ಟ.

ಅವರ ಪುಸ್ತಕಗಳ ವಿಷಯದಲ್ಲೂ ಇದೇ ತಪ್ಪು ನಡೆದಿದೆ. ಗಾಂಧಿ ಬಜಾರಿನಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ ಜನ ಕೇಳುವುದು 1976ರ ‘ಪಜಲ್ಸ್ ಟು ಪಜಲ್ ಯು’ವನ್ನು. ಅದರ ವಯಸ್ಸಿನ ಲೆಕ್ಕ, ರೈಲಿನ ಲೆಕ್ಕ, ತೂಕದ ಲೆಕ್ಕಗಳು ಸ್ಯಾಮ್ ಲಾಯ್ಡ್, ಡ್ಯೂಡೆನಿ ಕಾಲದಿಂದ ಕೈಬದಲಾಯಿಸುತ್ತ ಬಂದ ಜಾತಿಯವು. ಚೆನ್ನಾಗಿವೆ, ಆದರೆ ಇನ್ನೊಬ್ಬರೂ ಒಟ್ಟುಗೂಡಿಸಬಹುದಿತ್ತು. ಮರುವರ್ಷದ ‘ಫಿಗರಿಂಗ್’ ಹಾಗಲ್ಲ. ಘನ, ಘನಮೂಲ, ಪಂಚಾಂಗದ ವಾರ ಹೇಳುವ ಕ್ರಮ, ಒಂದೊಂದು ಅಂಕಿಯ ಸ್ವಭಾವ ಇವನ್ನೆಲ್ಲ ಅವರು ಅಲ್ಲಿ ಬಿಚ್ಚಿಟ್ಟಿದ್ದಾರೆ. ವೇದಿಕೆಯ ಮೇಲೆ ಬದುಕಿದ ಕಲಾವಿದೆ ತನ್ನ ಒಳಗುಟ್ಟನ್ನು ಹೀಗೆ ಹಂಚುವುದು ಸಣ್ಣ ಔದಾರ್ಯವಲ್ಲ. ಕೊರತೆಯೂ ಇದೆ: ಹೇಗೆ ಎಂಬುದನ್ನು ಹೇಳುವಷ್ಟು ಬಿಡಿಸಿ ಏಕೆ ಎಂಬುದನ್ನು ಹೇಳುವುದಿಲ್ಲ. ಆ ‘ಏಕೆ’ಯನ್ನು ತುಂಬುವುದು ನಮ್ಮ ಗಣಿತದ ಮೇಷ್ಟರುಗಳ ಪಾಲಿಗೆ ಉಳಿದ ಕೆಲಸ.

ಚಾಮರಾಜಪೇಟೆಯ ಯಾವುದೇ ಶಾಲೆಯಲ್ಲಿ ಶಕುಂತಲಾದೇವಿಯವರ ಬಗ್ಗೆ ಭಾಷಣ ಮಾಡುವವರಿಗೆ ನನ್ನ ಕೋರಿಕೆ ಇಷ್ಟು. 28 ಸೆಕೆಂಡಿನ ಮಾತನ್ನು ಬಿಡಿ. ಬೋರ್ಡಿನ ಮೇಲೆ 61629875 ಎಂದು ಬರೆಯಿರಿ, ಇದು ಪೂರ್ಣಘನ ಎಂದು ಹೇಳಿ, ಗಡಿಯಾರವನ್ನು ನೋಡದೆ ಮಕ್ಕಳಿಗೆ ಬಿಡಿ. ಸೂತ್ರ ಕೈಕೊಡುವ ಜಾಗದಲ್ಲಿ ಅವರು ತಡವರಿಸಲಿ, ಬೇರೆ ದಾರಿ ಹುಡುಕಲಿ. 28 ಸೆಕೆಂಡಿನ ಕಥೆ ಕೇಳಿದ ಮಗು ತನ್ನಿಂದ ಆಗದ್ದನ್ನು ಕಂಡು ಚಪ್ಪಾಳೆ ತಟ್ಟುತ್ತದೆ. 395ಕ್ಕೆ ತಾನೇ ತಲುಪಿದ ಮಗುವಿಗೆ ಶಕುಂತಲಾದೇವಿ ಎಷ್ಟು ದೊಡ್ಡವರೆಂದು ಯಾರೂ ಹೇಳಿಕೊಡಬೇಕಾಗಿಲ್ಲ.