ಅಂಬರನಾಥದ ಗುಡಿಯನ್ನು ನೋಡುವ ಬಗೆ

ಠಾಣೆ, ಡೊಂಬಿವಲಿ, ನವಿ ಮುಂಬಯಿಯ ಕನ್ನಡಿಗರು ರಜೆಗೆ ಊರಿಗೆ ಹೋದರೆ ಬೇಲೂರು, ಹಳೇಬೀಡು ನೋಡದೆ ಮರಳುವುದು ಕಡಿಮೆ. ಅವಕ್ಕಿಂತ ಹಳೆಯ ರಾಜಗುಡಿಯೊಂದು ಕಲ್ಯಾಣದಿಂದ ಮೂರನೇ ಸ್ಟೇಷನ್ನಿನಲ್ಲಿದೆ. ಅಂಬರನಾಥದ ಶಿವಾಲಯದ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060. ಬೇಲೂರಿನ ಚೆನ್ನಕೇಶವ ನೆಲೆನಿಂತದ್ದು 1117ರಲ್ಲಿ.

ಆದರೆ ಬೇಲೂರಿನ ಕಣ್ಣನ್ನು ಇಲ್ಲಿಗೆ ತಂದರೆ ನಿರಾಶೆಯೇ ಗತಿ. ಅಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಉಗುರಿನಷ್ಟು ಸಣ್ಣ ಕೆಲಸವನ್ನೂ ತಾಳಿಕೊಳ್ಳುತ್ತದೆ. ಇಲ್ಲಿಯದು ಕೊಂಕಣದ ಕರಿಯ ಬಸಾಲ್ಟ್. ಗಡಸು ಕಲ್ಲು, ಮೇಲೆ ಸುಮಾರು ಒಂಬತ್ತೂವರೆ ಶತಮಾನಗಳ ಮಳೆ. ಹೀಗಾಗಿ ಒಡವೆಯ ಮಣಿ ಎಣಿಸಲು ಹೋಗಬೇಡಿ. ಇಲ್ಲಿಯ ಶಿಲ್ಪಿ ನೆಚ್ಚಿಕೊಂಡದ್ದು ನೆರಳನ್ನು. ಗೋಡೆ ಎಲ್ಲಿಯೂ ಸಪಾಟಾಗಿಲ್ಲ. ನೆರಿಗೆ ಹಿಡಿದ ಸೀರೆಯಂತೆ ಒಳಗೆ ಹೋಗಿ ಹೊರಗೆ ಬರುತ್ತದೆ. ಆ ಮಡಿಕೆಗಳಲ್ಲಿ ಕತ್ತಲೆ ನಿಲ್ಲುತ್ತದೆ, ಅಂಚುಗಳಲ್ಲಿ ಬೆಳಕು. ಮೊದಲು ದೂರ ನಿಂತು ಇದನ್ನಷ್ಟೇ ನೋಡಿ, ಮೂರ್ತಿಗಳು ಆಮೇಲೆ. ಚಳಿಗಾಲದ ಮಧ್ಯಾಹ್ನ ಇದಕ್ಕೆ ತಕ್ಕ ಹೊತ್ತು. ಬಾಗಿಲು ಪಡುವಣಕ್ಕಿರುವುದರಿಂದ ಪ್ರದಕ್ಷಿಣೆಯಲ್ಲಿ ನೆರಳಿನ ಬಡಗಣ ಗೋಡೆ ಮೊದಲು ಸಿಗುತ್ತದೆ, ಬಿಸಿಲಿನ ತೆಂಕಣ ಗೋಡೆ ಕೊನೆಗೆ. ಆನೆಯ ತೊಗಲನ್ನೆತ್ತಿ ಕುಣಿಯುವ ಶಿವನನ್ನು ಹುಡುಕಿಕೊಳ್ಳಿ. ಮುಖ ಸವೆದಿದ್ದರೂ ಮೈಯ ತಿರುವು ಉಳಿದಿದೆ.

ಇನ್ನು ಶಿಖರ. ಅದರ ಮೇಲ್ಭಾಗ ಇಲ್ಲ, ಮೊಂಡಾಗಿ ಕಾಣುತ್ತದೆ. ಬಂದವರಲ್ಲಿ ಅನೇಕರು ಇಲ್ಲಿಗೇ ‘ಹಾಳು ಗುಡಿ’ ಎಂದು ಮುಖ ತಿರುಗಿಸುತ್ತಾರೆ. ನನ್ನ ಮಟ್ಟಿಗೆ ನೋಟದ ಸುಖವೆಲ್ಲ ಇರುವುದು ಇಲ್ಲಿಯೇ. ಇದು ಭೂಮಿಜ ಶೈಲಿ. ನಾಲ್ಕು ದಿಕ್ಕಿಗೆ ನಾಲ್ಕು ನೀಳ ಪಟ್ಟಿಗಳು ಬುಡದಿಂದ ಮೇಲಕ್ಕೆ ಏರುತ್ತವೆ. ಅವುಗಳ ನಡುವೆ ಪುಟ್ಟ ಕಂಬಗಳ ಮೇಲೆ ಪುಟ್ಟ ಶಿಖರಗಳು, ಸಾಲಿನ ಮೇಲೆ ಸಾಲು. ಮೇಲೇರಿದಂತೆ ಒಂದೊಂದೂ ಕಿರಿದಾಗುತ್ತದೆ. ಗುಡಿ ತನ್ನನ್ನೇ ಚಿಕ್ಕದಾಗಿ ಮತ್ತೆ ಮತ್ತೆ ಹೆರುತ್ತದೆ. ಒಂದು ಪಟ್ಟಿಯನ್ನು ಹಿಡಿದು ಅದರ ಬಾಗುವಿಕೆಯನ್ನು ಕಣ್ಣಲ್ಲೇ ಮುಂದುವರಿಸಿ, ಇಲ್ಲದ ತುದಿ ತಾನಾಗಿ ಮೂಡುತ್ತದೆ. ಮೂಡದಿದ್ದರೆ ಸಿನ್ನರಿನ ಗೊಂದೇಶ್ವರನ ಚಿತ್ರವನ್ನು ಮೊಬೈಲಿನಲ್ಲಿ ಪಕ್ಕಕ್ಕಿಟ್ಟು ನೋಡಿ. ಅದೇ ಜಾತಿಯ ಪೂರ್ತಿ ಶಿಖರ ಅಲ್ಲಿದೆ.

ಮಂಟಪದ ನಡುವಿನ ನಾಲ್ಕು ಕಂಬಗಳ ಹತ್ತಿರ ಕಣ್ಣು ಕತ್ತಲೆಗೆ ಒಗ್ಗುವತನಕ ನಿಲ್ಲಿ. ಅಲ್ಲಿಂದ ಮೆಟ್ಟಿಲಿಳಿದರೆ ನೆಲಮಟ್ಟಕ್ಕಿಂತ ಕೆಳಗೆ ಗರ್ಭಗುಡಿ, ತಲೆಯ ಮೇಲೆ ಆಕಾಶ. ಇದಕ್ಕೆ ತೀರ ಎದುರಾದದ್ದು ಬೀಜಿಂಗಿನಲ್ಲಿ 1420ರಲ್ಲಿ ಕಟ್ಟಿದ ಸ್ವರ್ಗದ ಆಲಯ. ಅಲ್ಲಿ ಚಕ್ರವರ್ತಿ ಬಯಲಿನ ಅಮೃತಶಿಲೆಯ ವೇದಿಕೆಯನ್ನು ಏರಿ ಆಕಾಶಕ್ಕೆ ಬಲಿ ಸಲ್ಲಿಸುತ್ತಿದ್ದ. ಇಲ್ಲಿ ಇಳಿದು ಹೋಗಬೇಕು. ಅರಸನಿಗೂ ಬೇರೆ ದಾರಿ ಇರಲಿಲ್ಲ.

ಸುತ್ತಲ ಜನ ಇದನ್ನು ಪಾಂಡವರು ಕಟ್ಟಿದ್ದೆನ್ನುತ್ತಾರೆ. ಬಡಗಣ ಬಾಗಿಲ ಮೇಲಿನ ಶಾಸನ ಹೇಳುವುದು ಉತ್ತರ ಕೊಂಕಣದ ಶಿಲಾಹಾರ ಅರಸ ಮಾಮ್ವಾಣಿಯ ಹೆಸರನ್ನು; ಕೆಲಸ ಶುರುವಾದದ್ದು ಅವನ ಅಣ್ಣ ಛಿತ್ತರಾಜನ ಕಾಲದಲ್ಲಿ ಎಂಬುದು ವಿದ್ವಾಂಸರ ಎಣಿಕೆ. ಠಾಣೆ ಆಗ ಸ್ಥಾನಕ, ಇವರ ರಾಜಧಾನಿ. ಈ ಮನೆತನ ರಾಷ್ಟ್ರಕೂಟರ ಸಾಮಂತರಾಗಿ ಬೆಳೆದದ್ದು. ಬೊರಿವಲಿಯ ಕಾಡಿನ ಕಾನ್ಹೇರಿ ಗುಹೆಗಳಲ್ಲಿ ಇವರ ಹಿರಿಯರ ಕಾಲದ ಶಾಸನಗಳಿವೆ. ಅವು ಸಾರ್ವಭೌಮನೆಂದು ಹೆಸರಿಸುವುದು ಅಮೋಘವರ್ಷನನ್ನು, ನಮ್ಮ ನೃಪತುಂಗನನ್ನೇ. ಅಂಬರನಾಥ ಮುಗಿಸಿದವರು ಮುಂದಿನ ಭಾನುವಾರ ಅಲ್ಲಿಗೆ ಹೊರಡಬಹುದು.

ಹೋಗುವುದು ಸುಲಭ. ವಾಶಿ ಕಡೆಯವರು ಠಾಣೆಯಲ್ಲಿ ಗಾಡಿ ಬದಲಿಸಿ ಅಂಬರನಾಥ, ಬದಲಾಪುರ ಅಥವಾ ಕರ್ಜತ್ ಲೋಕಲ್ ಹಿಡಿಯಬೇಕು. ಸ್ಟೇಷನ್ನಿನ ಪೂರ್ವಕ್ಕಿಳಿದರೆ ರಿಕ್ಷಾ ಸಿಗುತ್ತದೆ. ಇದು ಪೂಜೆ ನಡೆಯುವ ಗುಡಿ. ಮಹಾಶಿವರಾತ್ರಿಗೂ ಶ್ರಾವಣ ಸೋಮವಾರಗಳಿಗೂ ಕಾಲಿಡಲು ಜಾಗವಿರುವುದಿಲ್ಲ. ಆ ದಿನಗಳು ಭಕ್ತರಿಗಿರಲಿ, ಗೋಡೆ ನೋಡುವವರು ಬೇರೆ ದಿನ ಹೋಗಲಿ.